‘ಚೆನ್ನಾಗಿ ಓಡು’ ಎಂದರೆ ಸಾಲದು

ಪೊಲೀಸ್ ನೇಮಕಾತಿಗೆ ಅರ್ಜಿ ಹಾಕಿದ ಯುವಕರು ನನ್ನ ಬಳಿಗೆ ಬಂದು ಹೆಚ್ಚಾಗಿ ಕೇಳುವುದು ಒಂದೇ: ‘ಡಾಕ್ಟರ್ ಸಾಬ್, ಓಡಲು ತಾಕತ್ತು ಬರುವ ಮಾಜೂನ್ ಏನಾದರೂ ಕೊಡಿ.’ ನಮ್ಮ ರಾಜ್ಯದ ಸಿವಿಲ್ ಕಾನ್‌ಸ್ಟೇಬಲ್ ಹುದ್ದೆಯ ದೈಹಿಕ ಪರೀಕ್ಷೆಯಲ್ಲಿ ಪುರುಷರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಿ ಮುಗಿಸಬೇಕು. ‘ಈಗ ನಿನಗೆ ಎಷ್ಟು ಹೊತ್ತು ಹಿಡಿಯುತ್ತದೆ?’ ಎಂದರೆ ಹೆಚ್ಚಿನವರಲ್ಲಿ ಉತ್ತರವಿರುವುದಿಲ್ಲ. ದಿನಾ ಬೆಳಗ್ಗೆ ಓಡುತ್ತಾರೆ, ಅಷ್ಟೇ. ಮನೆಯವರೂ ‘ಚೆನ್ನಾಗಿ ಓಡು, ದುಆ ಮಾಡುತ್ತೇವೆ’ ಎಂದು ಕಳಿಸಿಬಿಡುತ್ತಾರೆ.

ನಿಮ್ಮ ಮಗನಿಗೆ ಮೊದಲು ಬೇಕಾದುದು ಒಂದು ಗಡಿಯಾರ ಮತ್ತು ಒಂದು ನೋಟ್‌ಬುಕ್. 400 ಮೀಟರಿನ ಟ್ರ್ಯಾಕ್‌ನಲ್ಲಿ 1600 ಎಂದರೆ ನಾಲ್ಕು ಸುತ್ತು. ಆರೂವರೆ ನಿಮಿಷವೆಂದರೆ 390 ಸೆಕೆಂಡು, ಸುತ್ತಿಗೆ 97 ಸೆಕೆಂಡಿನಷ್ಟು. ಈಗ ಎಂಟು ನಿಮಿಷ ಹಿಡಿಯುವ ಹುಡುಗ ಸುತ್ತಿಗೆ 120 ಸೆಕೆಂಡು ತೆಗೆದುಕೊಳ್ಳುತ್ತಿದ್ದಾನೆ. ಅವನಿಗೆ ‘ಆರೂವರೆ ನಿಮಿಷ’ ಎಂದು ದಿನವೂ ಹೇಳಿ ಹೆದರಿಸುವ ಬದಲು, ಈ ತಿಂಗಳು ಏಳೂವರೆ, ಮುಂದಿನ ತಿಂಗಳು ಏಳು ಎಂದು ಬರೆದಿಡಿ. ವಾರದಲ್ಲಿ ಒಂದು ದಿನ ಒಂದೊಂದೇ ಸುತ್ತನ್ನು ಗುರಿಯ ವೇಗದಲ್ಲಿ ಓಡಿ, ನಡುವೆ ಮೂರು ನಿಮಿಷ ನಡೆದು, ಹೀಗೆ ನಾಲ್ಕು ಬಾರಿ. ಇನ್ನೆರಡು ದಿನ ಮಾತಾಡುತ್ತಾ ಓಡಬಹುದಾದಷ್ಟು ನಿಧಾನದ ದೂರದ ಓಟ. ಹುಮ್ಮಸ್ಸಿನಲ್ಲಿ ಮೊದಲ ಸುತ್ತನ್ನು 80 ಸೆಕೆಂಡಿನಲ್ಲಿ ಮುಗಿಸಿ ಮೂರನೆಯದರಲ್ಲಿ ಕುಸಿಯುವವರೇ ಹೆಚ್ಚು. ಆದ್ದರಿಂದ ಮೊದಲ ಸುತ್ತಿನಲ್ಲಿ ಗುರಿಗಿಂತ ಬೇಗ ಓಡದಿರುವುದೂ ಗುರಿಯ ಭಾಗವೇ.

ಪ್ರವಾದಿವರ್ಯರು(ಸ) ಮದೀನಾದಲ್ಲಿ ಕುದುರೆ ಓಟ ಏರ್ಪಡಿಸಿದ ವರದಿ ಬುಖಾರಿಯಲ್ಲಿದೆ. ತರಬೇತಿಗೊಂಡ ಕುದುರೆಗಳಿಗೆ ಹಫ್ಯಾದಿಂದ ಸನಿಯ್ಯತುಲ್ ವದಾವರೆಗೆ, ಅಂದರೆ ಐದಾರು ಮೈಲು. ತರಬೇತಿಯಿಲ್ಲದವುಗಳಿಗೆ ಅಲ್ಲಿಂದ ಬನೂ ಝುರೈಕ್ ಮಸೀದಿವರೆಗೆ, ಒಂದೇ ಮೈಲು. ಎರಡಕ್ಕೂ ಹೊರಡುವ ಜಾಗ, ಮುಟ್ಟುವ ಜಾಗ ನಿಗದಿಯಾಗಿತ್ತು. ದೂರ ಮಾತ್ರ ಸಿದ್ಧತೆಗೆ ತಕ್ಕಂತೆ. ಕುದುರೆಗಳಿಗೆ ಸಿಕ್ಕ ಈ ನ್ಯಾಯ ನಮ್ಮ ಮಕ್ಕಳಿಗೆ ಸಿಗುವುದಿಲ್ಲ. ಪಕ್ಕದ ಮನೆಯ ಹುಡುಗನ ಸಮಯವನ್ನೇ ಇವನ ಗುರಿ ಮಾಡುತ್ತೇವೆ.

ಯುನಾನಿಯಲ್ಲಿ ಆರೋಗ್ಯಕ್ಕೆ ಅನಿವಾರ್ಯವೆಂದು ಹೇಳುವ ಆರು ಸಂಗತಿಗಳಲ್ಲಿ ದೇಹದ ಚಲನೆ ಮತ್ತು ವಿಶ್ರಾಂತಿ ಸೇರಿ ಒಂದು, ನಿದ್ದೆ ಮತ್ತು ಎಚ್ಚರ ಸೇರಿ ಇನ್ನೊಂದು. ಹಾಗಾಗಿ ನೋಟ್‌ಬುಕ್‌ನಲ್ಲಿ ಓಟದ ಪಕ್ಕದಲ್ಲೇ ನಿದ್ದೆಯ ಗಂಟೆಯನ್ನೂ ಬರೆಯಿರಿ. ರಾತ್ರಿ ಒಂದರವರೆಗೆ ಮೊಬೈಲ್ ನೋಡಿ ಫಜ್ರ್ ನಂತರ ಓಡುವವನಿಗೆ ಯಾವ ಮಾಜೂನೂ ಸೆಕೆಂಡು ಉಳಿಸಿಕೊಡದು. ಇದನ್ನು ಮಾಜೂನ್ ಕೊಡುವವನೇ ಹೇಳುತ್ತಿದ್ದೇನೆ. ಮುಖದ ಬಣ್ಣ ಚೆನ್ನಾಗಿದ್ದು ಚಲನೆ ಹಗುರವಾಗಿರುವವರೆಗೆ ವ್ಯಾಯಾಮ ಮುಂದುವರಿಸಿ, ಅದು ತಗ್ಗಿದರೆ ನಿಲ್ಲಿಸಬೇಕೆಂಬುದು ಇಬ್ನ್ ಸೀನಾ ತಮ್ಮ ‘ಅಲ್ ಕಾನೂನ್’ನಲ್ಲಿ ಕೊಟ್ಟ ಸೂಚನೆ. ಎದೆನೋವು, ಓಡುವಾಗ ಕಣ್ಣು ಕತ್ತಲೆ ಬರುವುದು, ಕುಟುಂಬದಲ್ಲಿ ಚಿಕ್ಕ ಪ್ರಾಯದಲ್ಲೇ ಹಠಾತ್ ಮರಣ, ಇವುಗಳಲ್ಲಿ ಯಾವುದಿದ್ದರೂ ಅಭ್ಯಾಸಕ್ಕೆ ಮೊದಲು ಹೃದಯ ತಜ್ಞರಿಗೆ ತೋರಿಸಿ. ರಮಝಾನಿನಲ್ಲಿ ವೇಗದ ಓಟ ಬಿಟ್ಟು, ಇಫ್ತಾರ್ ಆಗಿ ಸ್ವಲ್ಪ ಹೊತ್ತಿನ ನಂತರ ನಡಿಗೆ ಅಥವಾ ನಿಧಾನದ ಓಟ ಇಟ್ಟುಕೊಂಡರೆ ಸಾಕು.

ಹೆಣ್ಣುಮಕ್ಕಳ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಇನ್ನೂ ಹಿಂಜರಿಕೆ ಇದೆ. ಅರ್ಜಿ ಹಾಕಲು ಒಪ್ಪುತ್ತಾರೆ, ಅಭ್ಯಾಸಕ್ಕೆ ಕಳಿಸುವುದು ಪರೀಕ್ಷೆಯ ಹಿಂದಿನ ವಾರ. ಅವರಿಗಿರುವುದು 2 ನಿಮಿಷದಲ್ಲಿ 400 ಮೀಟರು, ಅಂದರೆ 100 ಮೀಟರಿಗೆ 30 ಸೆಕೆಂಡು. ಮೊದಲೇ ಶುರುಮಾಡಿದರೆ ಆರೋಗ್ಯವಂತ ಹುಡುಗಿಗೆ ಇದು ಅಸಾಧ್ಯವಲ್ಲ. ಪ್ರವಾದಿವರ್ಯರು(ಸ) ಹ. ಆಯಿಶಾ(ರ) ಅವರೊಂದಿಗೆ ಓಟದ ಪಂದ್ಯ ಆಡಿದ್ದು, ಮೊದಲ ಸಲ ಆಯಿಶಾ(ರ) ಗೆದ್ದದ್ದು ನಿಮಗೆ ತಿಳಿದದ್ದೇ. ಮಗಳನ್ನು ಒಬ್ಬಳೇ ಕಳಿಸಲು ಮನಸ್ಸಾಗದಿದ್ದರೆ ಅಪ್ಪನೋ ಅಣ್ಣನೋ ಗಡಿಯಾರ ಹಿಡಿದು ಮೈದಾನದ ಅಂಚಿನಲ್ಲಿ ನಿಲ್ಲಲಿ. ಸಮಯ ಬರೆದುಕೊಳ್ಳಲು ಹೇಗೂ ಒಬ್ಬರು ಬೇಕು.