ಪೆಟ್ರೋಲಿನಲ್ಲಿ ಮುಳುಗಿದ ಮೋಟಾರು

ಹೊಸ ಬೈಕಿನ ಕೀಲಿ ತಿರುಗಿಸಿದೊಡನೆ ಟ್ಯಾಂಕಿನೊಳಗಿಂದ ಎರಡು ಮೂರು ಕ್ಷಣ ‘ಝೂಂ’ ಎಂಬ ಸದ್ದು ಕೇಳುತ್ತದಲ್ಲವೆ? ಅದು ಪೆಟ್ರೋಲಿನಲ್ಲೇ ಮುಳುಗಿರುವ ವಿದ್ಯುತ್ ಪಂಪಿನ ಸದ್ದು.

ಹಳೆಯ ಬೈಕುಗಳಿಗೆ ಸಾಮಾನ್ಯವಾಗಿ ಪಂಪು ಬೇಕಿರಲಿಲ್ಲ. ಮೇಲಿನ ಟ್ಯಾಂಕಿನಿಂದ ಕಾರ್ಬುರೇಟರಿಗೆ ಪೆಟ್ರೋಲು ಗುರುತ್ವದಿಂದಲೇ ಇಳಿಯುತ್ತಿತ್ತು. 2020ರ ಏಪ್ರಿಲ್ 1ರಂದು ಭಾರತ್ ಸ್ಟೇಜ್ 6 ನಿಯಮ ಜಾರಿಯಾದ ಮೇಲೆ, ಇಂಧನವನ್ನು ಅಳೆದು ಸಿಂಪಡಿಸುವ ಇಂಜೆಕ್ಟರು ಬಹುತೇಕ ಎಲ್ಲೆಡೆ ಬಂತು. ಸೂಕ್ಷ್ಮ ರಂಧ್ರಗಳಿಂದ ಪೆಟ್ರೋಲು ಮಂಜಿನಂತೆ ಚಿಮ್ಮಲು ಒತ್ತಡ ಬೇಕು. ಪಂಪು ಕೊಡುವುದು ಸುಮಾರು 3 ಬಾರ್, ಅಂದರೆ ವಾಯುಭಾರದ ಮೂರರಷ್ಟು. ಇಂದಿನ ಡೀಸೆಲ್ ಕಾರುಗಳ ‘ಕಾಮನ್ ರೈಲ್’ ವ್ಯವಸ್ಥೆಯಲ್ಲಿ ಇದು 2,000 ಬಾರ್‌ವರೆಗೂ ಏರುತ್ತದೆ!

ಮೋಟಾರಿನ ಕಿಡಿಯಿಂದ ಬೆಂಕಿ ಹತ್ತದೆ? ದಹನಕ್ಕೆ ಆಮ್ಲಜನಕ ಬೇಕು. ದ್ರವದೊಳಗೆ ಅದು ಸಾಲದು. ಮೇಲಿನ ಖಾಲಿ ಜಾಗದಲ್ಲೂ ಆವಿ ಸುಮಾರು ಶೇಕಡಾ 8ನ್ನು ಮೀರಿದ್ದರೆ ಹೊತ್ತಿಕೊಳ್ಳದು. ಆದರೆ ಟ್ಯಾಂಕಿನ ಬಾಯಿಯ ಬಳಿ ಆವಿಯು ಗಾಳಿಯೊಡನೆ ಹದವಾಗಿ ಬೆರೆಯುತ್ತದೆ. ಅಲ್ಲಿ ಕಡ್ಡಿ ಗೀರುವುದು ಪ್ರಾಣಾಪಾಯ.

ಪಂಪನ್ನು ತಂಪಾಗಿಡುವುದೂ ಪೆಟ್ರೋಲೇ. ಅದು ತಳ ಮುಟ್ಟಿದರೆ ಪಂಪು ಬಿಸಿಯಾಗಿ ಬೇಗ ಸವೆಯುತ್ತದೆ. ‘ರಿಸರ್ವ್’ನಲ್ಲೇ ದಿನ ತಳ್ಳುವ ಹಳೆಯ ಅಭ್ಯಾಸ ಹೊಸ ಗಾಡಿಗೆ ಒಗ್ಗದು. ಸೂಚಕ ದೀಪ ಹೊತ್ತಿದೊಡನೆ ಪೆಟ್ರೋಲು ಹಾಕಿಸಿಕೊಳ್ಳಿರೆಂದು ನಿಮ್ಮ ತಂದೆ ತಾಯಿಗೆ ಹೇಳಿ, ಕಾರಣವನ್ನೂ ವಿವರಿಸಿ.