‘ನಾವು’ ಅಂದರೆ ಯಾರು?

ಪುಣೆ, ಹೈದರಾಬಾದ್, ಚೆನ್ನೈಗಳಲ್ಲಿ ಐಟಿ ಕೆಲಸ ಹುಡುಕುವ ನಮ್ಮ ಹುಡುಗ ಹುಡುಗಿಯರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಒಂದೇ: "ಟೆಕ್ನಿಕಲ್ ರೌಂಡ್ ಚೆನ್ನಾಗೇ ಆಯ್ತು, ಮ್ಯಾನೇಜರ್ ರೌಂಡ್‌ನಲ್ಲಿ ಯಾಕೆ ಬಿಟ್ಟರು?" ತಮ್ಮ ಇಂಗ್ಲಿಷ್ ಸಾಲಲಿಲ್ಲವೇನೋ ಎಂಬ ಅನುಮಾನ ಅವರದು. ಸಂದರ್ಶನ ಮಾಡುವವರ ಸಾಲಿನಲ್ಲಿ ಕುಳಿತು ನಾನು ಕಂಡದ್ದು ಬೇರೆ. ಎಷ್ಟೋ ಸಲ ಅಡ್ಡ ಬರುವುದು ಇಂಗ್ಲಿಷ್ ಅಲ್ಲ, ನಮ್ಮ ‘ನಾವು’.

‘ನಾನು ಮಾಡಿದೆ’ ಎಂದರೆ ಜಂಭ ಎಂದು ಮನೆಯಲ್ಲಿ ಕಲಿತು ಬಂದವರು ನಾವು. ಹಳೆಯ ಪ್ರಾಜೆಕ್ಟ್ ಬಗ್ಗೆ ಕೇಳಿದರೆ "ನಾವು ಕೋಡ್ ಬರೆದೆವು, ನಾವು ಟೆಸ್ಟ್ ಮಾಡಿದೆವು, ನಾವು ಸಮಯಕ್ಕೆ ಕೊಟ್ಟೆವು" ಎನ್ನುತ್ತೇವೆ. ಕೇಳುವವರಿಗೆ ಇಡೀ ಟೀಮ್ ಕಾಣುತ್ತದೆ, ಎದುರಿಗೆ ಕುಳಿತವರು ಮಾತ್ರ ಕಾಣುವುದಿಲ್ಲ. ಕೆಲಸ ಕೊಡಬೇಕಾದದ್ದು ಆ ಒಬ್ಬರಿಗೆ.

ಕೋಡ್ ಬರೆಯಲು ಬಂದರೆ ಸಾಲದೇ ಎಂದು ನೀವು ಕೇಳಬಹುದು. ಒಂದು ಸಣ್ಣ ಲೆಕ್ಕ ನೋಡಿ. 5 ಜನರ ಟೀಮ್‌ನಲ್ಲಿ ಇಬ್ಬಿಬ್ಬರ ನಡುವಿನ ಮಾತಿನ ದಾರಿಗಳು 10. ಅದೇ 10 ಜನರಾದರೆ 45. ಜನ ದುಪ್ಪಟ್ಟಾದರೆ ದಾರಿಗಳು ನಾಲ್ಕು ಪಟ್ಟಿಗೂ ಹೆಚ್ಚು. ಐಬಿಎಂನಲ್ಲಿ ದೊಡ್ಡ ಸಾಫ್ಟ್‌ವೇರ್ ಪ್ರಾಜೆಕ್ಟ್ ನಡೆಸಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲೇ ತಮ್ಮ ‘ದಿ ಮಿಥಿಕಲ್ ಮ್ಯಾನ್-ಮಂತ್’ ಪುಸ್ತಕದಲ್ಲಿ ಈ ಲೆಕ್ಕವನ್ನು ಮುಂದಿಟ್ಟಿದ್ದರು. ಹೊಸಬರು ಬಂದರೆ ಈ ದಾರಿಗಳು ಸಲೀಸಾಗುತ್ತವೆಯೋ, ಮುಚ್ಚಿಕೊಳ್ಳುತ್ತವೆಯೋ? ಮ್ಯಾನೇಜರ್ ತಿಳಿಯಬೇಕಾದದ್ದು ಇಷ್ಟೇ.

ಅದಕ್ಕೇ ಆ ಪ್ರಶ್ನೆ ಬರುವುದು: "ಟೀಮ್‌ನಲ್ಲಿ ಭಿನ್ನಾಭಿಪ್ರಾಯ ಬಂದಾಗ ನೀವು ಏನು ಮಾಡಿದಿರಿ?" ಉತ್ತರ ಕರ್ನಾಟಕದ ಒಬ್ಬ ಹುಡುಗ, ಕೆಲಸದಲ್ಲಿ ಬಹಳ ಚುರುಕು, ಇದಕ್ಕೆ "ನಮ್ಮ ಟೀಮ್‌ನಲ್ಲಿ ಯಾವತ್ತೂ ಜಗಳವೇ ಆಗಿಲ್ಲ ಸರ್" ಎಂದುಬಿಟ್ಟ. ಒಳ್ಳೆಯವನೆನಿಸಿಕೊಳ್ಳಲು ಹೇಳಿದ ಮಾತು. ಪ್ಯಾನೆಲ್‌ಗೆ ಕೇಳಿಸಿದ್ದು, ‘ಇವನು ತೊಂದರೆ ಕಂಡರೂ ಬಾಯಿ ಬಿಡುವುದಿಲ್ಲ’ ಎಂದು. ಆ ಕೆಲಸ ಬೇರೆಯವರ ಪಾಲಾಯಿತು.

ಇಂಥ ಪ್ರಶ್ನೆಗೆ ‘ಸ್ಟಾರ್’ ಎಂಬ ಕ್ರಮ ಹೆಚ್ಚಿನವರಿಗೆ ಗೊತ್ತು: ಸನ್ನಿವೇಶ, ಹೊಣೆ, ನೀವು ಮಾಡಿದ್ದು, ಫಲ. ಬಹಳ ಜನ ಸನ್ನಿವೇಶ ಹೇಳುವುದರಲ್ಲೇ ಸಮಯ ಕಳೆಯುತ್ತಾರೆ. ಉತ್ತರದ ಅರ್ಧಕ್ಕಿಂತ ಹೆಚ್ಚು ಭಾಗ ಮೂರನೆಯದಕ್ಕಿರಲಿ. ಉದಾಹರಣೆಗೆ: "ಟೆಸ್ಟಿಂಗ್ ಒಂದು ವಾರ ಹಿಂದೆ ಬಿದ್ದಿತ್ತು. ರಿಲೀಸ್‌ಗೆ ಇನ್ನೂ ಹತ್ತು ದಿನ ಇರುವಾಗಲೇ ನಾನು ಲೀಡ್‌ಗೆ ಹೇಳಿದೆ. ಯಾವ ಎರಡು ಫೀಚರ್ ಮುಂದೂಡಬಹುದೆಂದು ಪಟ್ಟಿ ಮಾಡಿಕೊಟ್ಟೆ. ಅವರು ಒಂದನ್ನು ಒಪ್ಪಿದರು, ಇನ್ನೊಂದನ್ನು ಒಪ್ಪಲಿಲ್ಲ. ಅದನ್ನು ಟೀಮ್ ಸೇರಿ ಮುಗಿಸಿದೆವು." ಇದರಲ್ಲಿ ಜಂಭ ಎಲ್ಲಿದೆ? ‘ನಾನು’ ಇದೆ, ‘ಟೀಮ್’ ಕೂಡ ಇದೆ. ಕೆಟ್ಟ ಸುದ್ದಿಯನ್ನು ಬೇಗ ಹೇಳುವ ಧೈರ್ಯ, ಪೂರ್ತಿ ಗೆಲ್ಲದಿದ್ದರೂ ಜೊತೆಗೆ ನಡೆಯುವ ಗುಣ, ಎರಡೂ ಕಾಣುತ್ತವೆ.

ಹಾಗೆಂದು ಬೇರೆಯವರ ಕೆಲಸವನ್ನು ನಿಮ್ಮ ಲೆಕ್ಕಕ್ಕೆ ಬರೆದುಕೊಳ್ಳಬೇಡಿ. ಎರಡನೇ ಪ್ರಶ್ನೆಗೇ ಅದು ಬಯಲಾಗುತ್ತದೆ.

ಮುಂದಿನ ಸಂದರ್ಶನಕ್ಕೆ ಹೋಗುವ ಮೊದಲು ಮೂರು ಘಟನೆ ನೆನಪಿಸಿಕೊಳ್ಳಿ: ನೀವು ಒಪ್ಪದ ಒಂದು ನಿರ್ಧಾರ, ತಡವಾದ ಒಂದು ಕೆಲಸ, ನೀವು ನೆರವಾದ ಒಬ್ಬ ಸಹೋದ್ಯೋಗಿ. ಮೊದಲು ಕನ್ನಡದಲ್ಲೇ ಮನೆಯವರ ಮುಂದೆ ಜೋರಾಗಿ ಹೇಳಿ. ನಿಮ್ಮ ಕೆಲಸದ ಗಂಧಗಾಳಿ ಇಲ್ಲದ ಅಮ್ಮನಿಗೆ ‘ಇದರಲ್ಲಿ ನೀನು ಮಾಡಿದ್ದೇನು’ ಎಂಬುದು ಅರ್ಥವಾದರೆ, ಇಂಗ್ಲಿಷ್‌ನಲ್ಲಿ ಹೇಳುವುದು ಅಷ್ಟೇನೂ ಕಷ್ಟವಲ್ಲ.