ವಕ್ತೃತ್ವವು ಹುಟ್ಟುಗುಣವಲ್ಲ

ಮಾತು ಬಲ್ಲವನಿಗೆ ಜಗಳವಿಲ್ಲವೆಂಬ ಗಾದೆಯನ್ನು ನಮ್ಮವರೆಲ್ಲರೂ ಆಡುತ್ತಾರೆ. ಮಾತು ಬಲ್ಲವರಾಗಲು ಅದನ್ನು ಕಲಿಯಬೇಕೆಂಬುದನ್ನು ಮಾತ್ರ ಮನಸ್ಸಿಗೆ ತಂದುಕೊಳ್ಳುವದಿಲ್ಲ. ಸಭೆಯಲ್ಲಿ ಎದ್ದು ನಾಲ್ಕು ಮಾತಾಡಿರೆಂದರೆ, ಅದು ದೈವದತ್ತವಾದ ಗುಣ, ನಮ್ಮ ಪಾಲಿನದಲ್ಲವೆಂದು ನುಣುಚಿಕೊಳ್ಳುವ ವಿದ್ಯಾವಂತರು ಊರೂರಿಗೆ ಇದ್ದಾರೆ. ಇದು ವಿನಯವಲ್ಲ, ಶುದ್ಧ ಆಲಸ್ಯವೆಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ.

ಗ್ರೀಸ ದೇಶದ ಡೆಮಾಸ್ಥೆನೀಸನ ಚರಿತ್ರೆಯನ್ನು ನೋಡಿರಿ. ಕ್ರಿಸ್ತಪೂರ್ವ 384ರಲ್ಲಿ ಹುಟ್ಟಿದ ಈತನು ಏಳನೆಯ ವಯಸ್ಸಿಗೆ ತಂದೆಯನ್ನು ಕಳೆದುಕೊಂಡನು; ಪಾಲಕರು ಆಸ್ತಿಯನ್ನು ನುಂಗಿದರು. ಅಥೆನ್ಸಿನ ನ್ಯಾಯಸಭೆಯಲ್ಲಿ ವಾದಿಯು ತನ್ನ ಅಹವಾಲನ್ನು ತಾನೇ ಹೇಳಿಕೊಳ್ಳಬೇಕಾಗಿತ್ತು. ಬಾಯಿ ಬಾರದವನಿಗೆ ನ್ಯಾಯವೂ ದುರ್ಲಭವಾಗಿತ್ತು. ಈ ಅನ್ಯಾಯವೇ ಅವನಿಗೆ ಗುರುವಾಯಿತು. ಪ್ರಾಯಕ್ಕೆ ಬಂದು ಪಾಲಕರ ಮೇಲೆ ಫಿರ್ಯಾದಿ ಹೂಡಿ ಗೆದ್ದನು. ಆದರೂ ಜನಸಭೆಯಲ್ಲಿ ಮೊದಲು ಮಾತಾಡಿದಾಗ ಜನರು ನಕ್ಕರೆಂದು ಪ್ಲುಟಾರ್ಕನು ಬರೆದಿದ್ದಾನೆ. ಧ್ವನಿ ಕ್ಷೀಣ, ಉಚ್ಚಾರ ಅಸ್ಪಷ್ಟ, ಉಸಿರು ಗಿಡ್ಡ! ಅವನು ಬಾಯಲ್ಲಿ ಹರಳಿಟ್ಟುಕೊಂಡು ಉಚ್ಚಾರವನ್ನು ತಿದ್ದಿದನು. ಗುಡ್ಡವೇರುತ್ತ ಮಾತಾಡಿ ಉಸಿರನ್ನು ಬೆಳೆಸಿದನು. ಮನೆ ಬಿಟ್ಟು ಹೊರಡಲು ನಾಚಿಕೆಯಾಗಲೆಂದು ಅರ್ಧ ತಲೆ ಬೋಳಿಸಿಕೊಂಡು ನೆಲಮನೆಯಲ್ಲಿ ತಿಂಗಳುಗಟ್ಟಲೆ ಅಭ್ಯಾಸ ಮಾಡಿದನು. ಮ್ಯಾಸಿಡೋನಿಯದ ಫಿಲಿಪ್ಪನ ವಿರುದ್ಧ ಅಥೆನ್ಸನ್ನು ಬಡಿದೆಬ್ಬಿಸಿದ ಕಂಠವು ಇದೇ.

ದೂರದ ಮಾತೇಕೆ? 1891ರಲ್ಲಿ ಬ್ಯಾರಿಸ್ಟರರಾಗಿ ಮರಳಿದ ಗಾಂಧೀಜಿಯವರು ಮುಂಬಯಿಯ ಸಣ್ಣ ಕೋರ್ಟಿನಲ್ಲಿ ಪಾಟೀಸವಾಲಿಗೆ ಎದ್ದು ನಿಂತರು. ತಲೆ ತಿರುಗಿತು, ಒಂದು ಪ್ರಶ್ನೆಯೂ ಹೊರಡಲಿಲ್ಲ; ಕುಳಿತುಬಿಟ್ಟರು. ಇದನ್ನು ಅವರೇ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಅವರೇ 1893ರಲ್ಲಿ ಪ್ರಿಟೋರಿಯದಲ್ಲಿ ಭಾರತೀಯ ವ್ಯಾಪಾರಿಗಳನ್ನು ಕೂಡಿಸಿ, ವಿಷಯವನ್ನು ಸಿದ್ಧಪಡಿಸಿಕೊಂಡು ಹೋಗಿ, ವ್ಯಾಪಾರದಲ್ಲಿ ಸತ್ಯವನ್ನು ಕುರಿತು ಮಾತಾಡಿದರು. ನಡುವೆ ಜನರ ಅಪಮಾನವನ್ನು ಕಣ್ಣಾರೆ ಕಂಡಿದ್ದರು. ಹೇಳಲೇಬೇಕಾದದ್ದು ಎದೆಯಲ್ಲಿದ್ದರೆ, ಸಿದ್ಧತೆಯೂ ಜೊತೆಗಿದ್ದರೆ, ನಾಲಿಗೆಯು ಏಳುವದು.

ಈಗ ನಮ್ಮ ಸಾಲೆಗಳತ್ತ ತಿರುಗೋಣ. ಭಾಷಣಸ್ಪರ್ಧೆಯೆಂಬುದು ನಡೆಯುತ್ತದೆ ನಿಜ. ತಂದೆಯೋ ಮಾಸ್ತರರೋ ಬರೆದುಕೊಟ್ಟದ್ದನ್ನು ಹುಡುಗನು ಗಿಳಿಯಂತೆ ಒಪ್ಪಿಸುತ್ತಾನೆ. ನಡುವೆ ಒಂದು ಶಬ್ದ ಮರೆತರೆ ಕಣ್ಣು ಕಣ್ಣು ಬಿಡುತ್ತಾನೆ. ಬಹುಮಾನವು ನೆನಪಿಗೆ ಸಿಗುತ್ತದೆ, ವಿಚಾರಕ್ಕಲ್ಲ. ಇದು ವಕ್ತೃತ್ವವೇ? ಮಾಸ್ತರರೇ, ವಾರಕ್ಕೊಂದು ತಾಸು ಕೊಡಿರಿ. ಹುಡುಗನು ತಾನು ಕಂಡ ಒಂದು ಸಂಗತಿಯನ್ನು ತನ್ನ ಕನ್ನಡದಲ್ಲಿ ಐದು ಮಿನಿಟು ಹೇಳಲಿ. ಕೈಯಲ್ಲಿ ನಾಲ್ಕು ಮುಖ್ಯಾಂಶಗಳ ಚೀಟಿಯ ಹೊರತು ಏನೂ ಇರಬಾರದು. ಕಡೆಯ ಸಾಲಿನವನಿಗೆ ಕೇಳಿಸಿತೇ ಎಂದು ಕೇಳಿರಿ. ಇನ್ನೊಬ್ಬ ಹುಡುಗನು ಎದ್ದು ಖಂಡಿಸಲಿ. ಮೊದಲಿನವನು ಸಿಟ್ಟಾಗದೆ ಉತ್ತರಿಸಲಿ. ಹುಡುಗಿಯರಿಗೂ ಇದೇ ಅಭ್ಯಾಸವಾಗಲಿ.

ದೇಶದಲ್ಲಿ ಮಾತುಗಾರರು ಈಗಲೇ ಹೆಚ್ಚಾಗಿರುವರು, ಮತ್ತಷ್ಟು ಏಕೆಂದು ಕೆಲವರು ಆಕ್ಷೇಪಿಸುವರು. ಬಾಯಿಬಡುಕರು ವೇದಿಕೆಯನ್ನೇರಿದ್ದು ಹೇಗೆ? ತಿಳಿದವರು ಕೆಳಗೆ ಮೌನವಾಗಿ ಕುಳಿತದ್ದರಿಂದಲ್ಲವೇ? ಮಾತಿನ ಕೌಶಲವನ್ನು ತಾನು ಕಲಿತವನೇ ಪರರ ಮಾತಿನ ಮೋಸವನ್ನು ಬೇಗನೆ ಗುರುತಿಸಬಲ್ಲನು.

1993ರಲ್ಲಿ ಜಾರಿಗೆ ಬಂದ 73ನೆಯ ತಿದ್ದುಪಡಿಯು ಗ್ರಾಮಸಭೆಗೆ ಸಂವಿಧಾನದಲ್ಲಿಯೇ ಸ್ಥಾನ ಕೊಟ್ಟಿದೆ. ಹಕ್ಕು ಕಾಗದದಲ್ಲಿದೆ, ಅದನ್ನು ಬಳಸಲು ಕಂಠ ಬೇಕು. ಕುಡಿಯುವ ನೀರಿಲ್ಲದ ಕೇರಿಯವನು ಎದ್ದು ನಿಂತು ಅದನ್ನು ಹೇಳಲಾರದಿದ್ದರೆ, ಠರಾವಿನಲ್ಲಿ ಅವನ ಕೇರಿಯ ಹೆಸರು ಬರುವದು ಹೇಗೆ? ಅಥೆನ್ಸಿನ ಆ ಅನಾಥ ಬಾಲಕನಿಗೆ ಆದದ್ದೇ ಇವನಿಗೂ ಆಗುವದು: ಇವನ ಸೊತ್ತನ್ನು ಇತರರು ನುಂಗುವರು.

ಬಾಂಧವರೇ, ಮುಂದಿನ ಸಭೆಗೆ ಕೇಳುಗರಾಗಿ ಮಾತ್ರ ಹೋಗಬೇಡಿರಿ. ಒಂದು ಮಾತನ್ನು ಸಿದ್ಧಪಡಿಸಿಕೊಂಡು ಹೋಗಿರಿ. ಕಾಲು ನಡುಗಲಿ, ಜನರು ನಗಲಿ. ಎದ್ದು ನಿಂತು ಹೇಳಿರಿ.